ಕಾಗದದ ತೋಫೂ ಮಣ್ಣಿನ ಎತ್ತೂ

ಹಿರಿದಾದುದನ್ನು ಕಿರಿದಾಗಿಸಿ ಅಂಗೈಯಲ್ಲಿಟ್ಟು ನೋಡಬೇಕೆಂಬ ಇಚ್ಛೆಯು ಮನುಷ್ಯನಿಗೆ ಸಹಜವಾದುದು. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಜ್ಯೇಷ್ಠಮಾಸದ ಅಮಾವಾಸ್ಯೆಯಂದು ಒಕ್ಕಲುತನದ ಮನೆಗಳವರು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವುದು ಈ ಇಚ್ಛೆಯ ಭಕ್ತಿರೂಪವೇ ಸರಿ. ಅದೇ ಇಚ್ಛೆಯು ಬೇರೊಂದು ದಾರಿ ಹಿಡಿದಾಗ, ದಪ್ಪ ಕಾಗದವನ್ನು ಕತ್ತರಿಸಿ, ಮಡಿಸಿ, ಅಂಟಿಸಿ, ಹಳೆಯ ಯುದ್ಧವಾಹನಗಳ ಪ್ರತಿಕೃತಿಗಳನ್ನು ರಚಿಸುವ ಕುಶಲಕಲೆಯಾಗುತ್ತದೆ. ಕೊಲ್ಲುವುದಕ್ಕಾಗಿ ಹುಟ್ಟಿದ ವಸ್ತುವನ್ನು ವಿನೋದಕ್ಕಾಗಿ ಮಾಡುವುದು ಧರ್ಮಸಮ್ಮತವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕಾಗದವು ಯಾರನ್ನೂ ಕೊಲ್ಲಲಾರದೆಂದು ಕೆಲವರು ಹೇಳಬಹುದು. ಅದು ನಿಜ. ಒಂದು ಗಾಲಿಯನ್ನು ಅಳತೆಗೆ ಸರಿಯಾಗಿ ಕತ್ತರಿಸುವಷ್ಟು ಹೊತ್ತು ಚಂಚಲವಾದ ಚಿತ್ತವೂ ನೆಲೆ ನಿಲ್ಲುತ್ತದೆಂಬುದೂ ನಿಜ. ಆದರೆ ಆಟಿಕೆಯು ಲೋಕವ್ಯವಹಾರದ ಹೊರಗಿನದೆಂದು ಎಣಿಸಲಾಗದು. ಶೂದ್ರಕನ ಮೃಚ್ಛಕಟಿಕದಲ್ಲಿ, ಅಳುವ ಬಾಲಕನ ಮಣ್ಣಿನ ಬಂಡಿಯಲ್ಲಿ ವಸಂತಸೇನೆಯು ವಾತ್ಸಲ್ಯದಿಂದ ತುಂಬಿದ ಆಭರಣಗಳೇ ಮುಂದೆ ನ್ಯಾಯಸಭೆಯಲ್ಲಿ ಅವನ ತಂದೆಗೆ ವಿರುದ್ಧವಾದ ಸಾಕ್ಷ್ಯವಾದುವು. ಆಟಿಕೆಯ ಬಂಡಿಯೂ ಭಾರ ಹೊರುತ್ತದೆ.

ಆ ಭಾರವಾವುದು? 1916ರ ಸಪ್ಟಂಬರ 15ರಂದು ಫ್ರಾನ್ಸ್ ದೇಶದ ಸೋಮ್ ರಣರಂಗದಲ್ಲಿ ಇಂಗ್ಲಿಷರು ಮೊತ್ತಮೊದಲು ಟ್ಯಾಂಕುಗಳನ್ನು ಕಾಳಗಕ್ಕಿಳಿಸಿದರು. ಸುಮಾರು 28 ಟನ್ನು ತೂಕದ ಆ ಉಕ್ಕಿನ ಗಾಡಿಯೊಳಗೆ, ಎಂಜಿನಿನ ಸೆಕೆ ಹೊಗೆಗಳ ನಡುವೆ, 8 ಜನರಿದ್ದರು. ಅದನ್ನು ಇಪ್ಪತ್ತೈದರಲ್ಲೊಂದರ ಅಳತೆಗೆ ಇಳಿಸಿದರೆ ಅದರ ಘನಗಾತ್ರವು 15,625ರಲ್ಲೊಂದು ಪಾಲಾಗುತ್ತದೆ. ಆದರೆ ಆ 8 ಜನರ ಭಯವನ್ನೂ ಅವರೆದುರಿಗೆ ನಿಂತವರ ಮರಣವನ್ನೂ ಯಾವ ಅಳತೆಗೆ ಇಳಿಸಬೇಕು? ಗಣಿತವು ಇಲ್ಲಿ ಮೌನ ತಾಳುತ್ತದೆ. ಪ್ರತಿಕೃತಿಯ ಹೊಟ್ಟೆಯು ಬರಿದಾಗಿಯೇ ಉಳಿಯುತ್ತದೆ.

ಇದಕ್ಕೆ ದೂರದೇಶದ ನಿದರ್ಶನವೇ ಬೇಕೆಂದಿಲ್ಲ. 1785ರಲ್ಲಿ ಟಿಪ್ಪುಸುಲ್ತಾನನ ಸೈನ್ಯವು ನರಗುಂದಕ್ಕೆ ಮುತ್ತಿಗೆ ಹಾಕಿತು. ಅಂದಿನ ಯುದ್ಧವಾಹನವೆಂದರೆ ತೋಫಿನ ಗಾಡಿ. ಅದನ್ನು ಎಳೆಯುತ್ತಿದ್ದುವು ಎತ್ತುಗಳು. 1858ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನು ಹತನಾದನು. ಜೂನ್ 12ರಂದು ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ಕಾಲದ ತೋಫಿನ ಗಾಡಿಯೊಂದನ್ನು ಕಾಗದದಲ್ಲಿ ರಚಿಸಿ, ಗಾಲಿ ಮೊಳೆಗಳನ್ನೆಲ್ಲ ಯಥಾವತ್ತಾಗಿ ತೋರಿಸಿ, ನೊಗಕ್ಕೆ ಹೂಡಿದ ಎತ್ತನ್ನೂ ಹಿಂದೆ ನಡೆದ ಮನುಷ್ಯನನ್ನೂ ಬಿಟ್ಟುಬಿಟ್ಟರೆ, ಅದು ಎಷ್ಟು ಸುಂದರವಾಗಿದ್ದರೂ ಅರ್ಧಸತ್ಯವೇ. ಹಾಗಾದರೆ ಮಾಡದಿರುವುದೇ ಲೇಸೆಂದರೆ, ಆ ಅರ್ಧವೂ ಮರೆತುಹೋದೀತು. ದೋಷವಿರುವುದು ಬಿಟ್ಟುಬಿಡುವಲ್ಲಿ.

ಆದುದರಿಂದ ಕಾಗದದ ತೋಫನ್ನು ಮಾಡುವವರು ಅಮಾವಾಸ್ಯೆಯ ಮಣ್ಣಿನ ಎತ್ತುಗಳನ್ನೇ ತಂದು ಅದಕ್ಕೆ ಹೂಡಲಿ; ಪಕ್ಕದಲ್ಲಿ ಒಬ್ಬ ಮನುಷ್ಯನನ್ನೂ ನಿಲ್ಲಿಸಲಿ. ಹೊಲ ಉಳುವ ಎತ್ತು ಇಲ್ಲೇಕೆ ಬಂತು, ಈ ಮನುಷ್ಯ ಮನೆಗೆ ಮರಳಿದನೇ ಎಂದು ಮಕ್ಕಳು ಕೇಳದೆ ಬಿಡರು. ಆ ಪ್ರಶ್ನೆಗೆ ಮರೆಮಾಚದೆ ಉತ್ತರ ಕೊಡುವ ಹಿರಿಯರಿದ್ದ ಮನೆಯಲ್ಲಿ ಕಾಗದದ ತೋಫು ಇದ್ದರೆ ಬಾಧಕವಿಲ್ಲ.