ಶುಲ್ಡ್: ತಪ್ಪೂ ಹೌದು, ಸಾಲವೂ ಹೌದು

ಜರ್ಮನರ ದಿನಬಳಕೆಯ ಒಂದು ಮಾತು: ಶುಲ್ಡ್. ಏಕವಚನದಲ್ಲಿ ಅದಕ್ಕೆ ಹೆಚ್ಚಾಗಿ ತಪ್ಪು, ಅಪರಾಧ ಎಂದರ್ಥ. ಬಹುವಚನ ಮಾಡಿ, ಶುಲ್ಡನ್ ಅಂದರೆ ಸಾಲ. ದಾರೀಲಿ ಮೈ ತಗುಲಿದರೆ ಅವರು ಕೇಳುವ ಕ್ಷಮೆಗೂ, ಎಂಟ್‌ಶುಲ್ಡಿಗುಂಗ್, ಅದೇ ಬೇರು.

ಎರಡರ್ಥ ಒಂದೇ ಪದದೊಳಗೆ ಕೂತದ್ದು ಯಾಕೆ? 1887ರಲ್ಲಿ ನೀತ್ಶೆ ಹೇಳಿದ: ತಪ್ಪು ಎಂಬ ಕಲ್ಪನೆ ಹುಟ್ಟಿದ್ದೇ ಸಾಲದಿಂದ, ತೀರಿಸಲಾರದವನ ಮೈಮೇಲೆ ಸಾಲ ಕೊಟ್ಟವನಿಗೆ ಹಕ್ಕಿತ್ತು. ಇದು ಇತಿಹಾಸವೋ ಊಹೆಯೋ, ವಾದ ಮಾಡಬಹುದು. ಜೀತ ಕಂಡವರಿಗೆ ಮಾತ್ರ ಇದು ಹೊಸದಲ್ಲ. ಕನ್ನಡದಲ್ಲಿ ಸಾಲ ಬೇರೆ, ತಪ್ಪು ಬೇರೆ. ಆದರೆ ಧಣಿಯ ಜಗಲಿ ಮುಂದೆ ಎರಡೂ ಒಂದೇ. ಅಪ್ಪ ಮಾಡಿದ ಸಾಲ ಮಗನ ತಪ್ಪಾಗುತ್ತಿತ್ತು. 1976ರ ಕಾಯ್ದೆ ಜೀತದ ಸಾಲಗಳನ್ನೆಲ್ಲ ರದ್ದು ಮಾಡಬೇಕಾಗಿ ಬಂದದ್ದು ಅದಕ್ಕೇ.

ಈಗ ಪ್ರಶ್ನೆಯನ್ನು ತಿರುವಿ ಹಾಕೋಣ. ಬಡವನ ಸಾಲ ತಪ್ಪಾಗುವುದಾದರೆ, ಉಳ್ಳವನ ತಪ್ಪು ಯಾಕೆ ಸಾಲವಾಗಬಾರದು?

1904ರಿಂದ 1908ರವರೆಗೆ, ಇಂದಿನ ನಮೀಬಿಯಾದಲ್ಲಿ ಜರ್ಮನ್ ಸೈನ್ಯ ಹತ್ತಾರು ಸಾವಿರ ಹೆರೆರೊ, ನಾಮಾ ಜನರನ್ನು ಬಲಿ ತೆಗೆದುಕೊಂಡಿತು. 2021ರಲ್ಲಿ ಜರ್ಮನ್ ಸರ್ಕಾರ ಇದು ನರಮೇಧ ಎಂದು ಒಪ್ಪಿತು. 30 ವರ್ಷಗಳಲ್ಲಿ 110 ಕೋಟಿ ಯೂರೋ ಕೊಡುವುದಾಗಿಯೂ ಹೇಳಿತು. ಆದರೆ ಇದರಿಂದ ಪರಿಹಾರ ಕೇಳುವ ಕಾನೂನಿನ ಹಕ್ಕು ಹುಟ್ಟುವುದಿಲ್ಲ ಎಂದೂ ಸೇರಿಸಿತು. ಏಕವಚನ ಒಪ್ಪಿತು, ಬಹುವಚನ ಒಲ್ಲೆ ಅಂತು! ತಪ್ಪನ್ನು ಒಪ್ಪಿ ಸಾಲವನ್ನು ಒಪ್ಪದಿದ್ದರೆ ಕೊಟ್ಟದ್ದು ದಾನವಾಗುತ್ತದೆ. ಕೊಡುವವನ ಕೈ ಮೇಲೆಯೇ ಉಳಿಯುತ್ತದೆ.

'ತಾತ ಮಾಡಿದ್ದಕ್ಕೆ ನಾವ್ಯಾಕೆ ಹೊಣೆ?' ಮೀಸಲಾತಿಯ ಮಾತೆತ್ತಿದಾಗೆಲ್ಲ ನಮ್ಮಲ್ಲೂ ಕೇಳಿಬರುವ ಪ್ರಶ್ನೆ. ಹಿಟ್ಲರ್ ಅಳಿದ ಮೇಲೆ, 1946ರಲ್ಲಿ, ಕಾರ್ಲ್ ಯಾಸ್ಪರ್ಸ್ ತನ್ನ ಜನರ ಮುಂದೆ ಈ ಶುಲ್ಡನ್ನೇ ಬಿಡಿಸಿಟ್ಟ. ಅಪರಾಧ ಮಾಡಿದವನದು, ಇಡೀ ಜನಾಂಗವನ್ನು ಅಪರಾಧಿ ಎನ್ನಲಾಗದು. ಆದರೆ ರಾಜ್ಯ ಮಾಡಿದ್ದರ ಹೊಣೆ ಅದರ ಪ್ರಜೆಗಳೆಲ್ಲರದು ಎಂದ.

ಈ ವಿವೇಕ ನಮಗೂ ಬೇಕು ಗೆಳೆಯರೇ. ಮೊಮ್ಮಗನನ್ನು ಅಪರಾಧಿ ಎನ್ನುವುದು ಧಣಿಯ ನ್ಯಾಯ, ನಮ್ಮದಲ್ಲ. ಆದರೆ ತಾತನ ಜಮೀನು, ಅಕ್ಷರ, ಊರೊಳಗಿನ ಮನೆ ಪಿತ್ರಾರ್ಜಿತವಾಗಿ ಬಂದಿದ್ದರೆ ಅದರ ಮೇಲಿನ ಸಾಲವೂ ಪಿತ್ರಾರ್ಜಿತವೇ. ಆಸ್ತಿ ಬೇಕು, ಸಾಲ ಬೇಡ ಅಂದರೆ ಯಾವ ಪಂಚಾಯ್ತಿ ಒಪ್ಪುತ್ತೆ?

ಪಶ್ಚಾತ್ತಾಪದ ಕಣ್ಣೀರು ನಮಗೆ ಬೇಡ. ಲೆಕ್ಕ ಬೇಕು. ಸಾಲ ತೀರಿಸುವವನು ದಾನಿಯಲ್ಲ, ಪಡೆಯುವವನು ಭಿಕ್ಷುಕನೂ ಅಲ್ಲ.