ನೀರನ್ನು ನೋಡಿ ದೋಣಿ

ಕುದೂರು, ಮಾಗಡಿಗಳ ಕಡೆಯ ಉತ್ಸಾಹಿ ತರುಣನೊಬ್ಬನು ಕೆರೆಯ ಮೇಲೆ ವಿಹರಿಸುವುದಕ್ಕೆ ತನ್ನದೇ ಆದ ದೋಣಿಯೊಂದಿರಬೇಕೆಂದು ಸಂಕಲ್ಪಿಸಿದನೆಂದರೆ, ಅವನ ಚಿತ್ತವು ಮೊದಲು ಓಡುವುದು ಯಂತ್ರದ ಕಡೆಗೆ, ಅನಂತರ ಬಣ್ಣದ ಕಡೆಗೆ. ಆ ದೋಣಿ ತೇಲಬೇಕಾದ ನೀರಿನ ಕಡೆಗೆ ಅದು ಹೊರಳುವುದು ಹಣ ತೆತ್ತಾದ ಮೇಲೆ. ಆಸೆಯನ್ನು ಮುಂದಿಟ್ಟು ವಿವೇಚನೆಯನ್ನು ಹಿಂದಿಡುವ ಈ ಅಭ್ಯಾಸವು ದೋಣಿಯ ವಿಷಯದಲ್ಲಿ ಮಾತ್ರ ಕಾಣತಕ್ಕದ್ದಲ್ಲ. ಆದರೂ ನೆಲದ ಮೇಲಿನ ತಪ್ಪಿಗೆ ದೊರೆಯುವ ಸಾವಕಾಶ ನೀರಿನ ಮೇಲಿನ ತಪ್ಪಿಗೆ ದೊರೆಯದಾದ ಕಾರಣ, ಅದನ್ನು ಇಲ್ಲಿಯೇ ತಿದ್ದಿಕೊಳ್ಳುವುದು ಲೇಸು.

ಮೊದಲು ಈ ಕಡೆಯ ನೀರನ್ನು ನೋಡೋಣ. ಶಿವಗಂಗೆಯಲ್ಲಿ ಹುಟ್ಟಿದ ಕುಮುದ್ವತಿಯು ಅರ್ಕಾವತಿಯನ್ನು ಕೂಡುವ ತಿಪ್ಪಗೊಂಡನಹಳ್ಳಿಯ ಜಲಾಶಯವು ಬೆಂಗಳೂರಿನ ಕುಡಿಯುವ ನೀರಿಗಾಗಿ 1930ರ ದಶಕದಲ್ಲಿ ಕಟ್ಟಿದ್ದು, ಅದು ವಿಹಾರಸ್ಥಳವಲ್ಲ. ಅದರ ಕೆಳಗೆ ಮಂಚನಬೆಲೆಯ ಜಲಾಶಯ. ಉಳಿದವು ಮಳೆಯನ್ನೇ ನಂಬಿದ ಊರ ಕೆರೆಗಳು: ಕಾರ್ತಿಕದಲ್ಲಿ ತುಂಬಿ ನಿಂತ ನೀರು ವೈಶಾಖದ ಹೊತ್ತಿಗೆ ಹಿಂದೆ ಸರಿದು, ನಡುವೆ ಕೆಸರನ್ನೂ ಬಂಡೆಗಳನ್ನೂ ಜಾಲಿಯ ಬುಡಗಳನ್ನೂ ಬಿಟ್ಟುಹೋಗುತ್ತದೆ. ಇಬ್ಬರು ಎತ್ತಲಾರದ, ತಳವು ಆಳಕ್ಕಿಳಿದ ದೋಣಿಯು ಇಂಥಲ್ಲಿ ಬೇಸಿಗೆಯುದ್ದಕ್ಕೂ ದಡ ಕಾಯಬೇಕಾಗುತ್ತದೆ.

ನೀರಿಗೆ ತಕ್ಕ ದೋಣಿಯೆಂಬ ಈ ವಿವೇಕವನ್ನು ನಮ್ಮ ಅಂಬಿಗರು ಬಹುಕಾಲದ ಹಿಂದೆಯೇ ಹರಿಗೋಲಿನಲ್ಲಿ ಹೆಣೆದಿಟ್ಟಿದ್ದಾರೆ. ಕನಕಪುರದಾಚೆಯ ಸಂಗಮದಲ್ಲಿ ಮೇಕೆದಾಟಿಗೆ ಹೋಗುವವರನ್ನು ಹೊಳೆ ದಾಟಿಸುವ ಹರಿಗೋಲನ್ನು ಕಂಡವರು ಬಲ್ಲರು: ಬಿದಿರಿನ ಸೀಳುಗಳ ದುಂಡನೆಯ ಬುಟ್ಟಿ, ಹೊರಗೆ ಮೊದಲೆಲ್ಲ ಚರ್ಮ, ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ. ಗೇಣುದ್ದ ನೀರಿದ್ದರೂ ಅದು ತೇಲುತ್ತದೆ. ಒಬ್ಬನೇ ಅದನ್ನು ಬೆನ್ನಿಗೇರಿಸಿಕೊಂಡು ನಡೆಯಬಲ್ಲ. ಆದರೆ ಅದರಲ್ಲಿ ಕುಳಿತ ಹೊಸಬನು ಒಂದೇ ಪಕ್ಕದಲ್ಲಿ ಹುಟ್ಟು ಹಾಕುತ್ತ ಹೋದರೆ ಇದ್ದಲ್ಲಿಯೇ ಗಿರಗಿರನೆ ತಿರುಗುವನಲ್ಲದೆ ಮುಂದೆ ಸಾಗನು. ಅಂಬಿಗನಾದರೋ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆ. ತೋಳಿನ ಬಲ ಇಲ್ಲಿ ಎರಡನೆಯದು. ಅಹಂಕಾರವಿಳಿಯಲು ಇದಕ್ಕಿಂತ ಅಗ್ಗದ ಪಾಠಶಾಲೆಯನ್ನು ನಾನು ಕಾಣೆ.

ಹೀಗೆ ಕೆಲವು ಕಾಲ ಬಾಡಿಗೆಯ ಇಲ್ಲವೆ ಬೇರೆಯವರ ದೋಣಿಯಲ್ಲಿ ಕೈ ಪಳಗಿದ ಮೇಲೆ ಕೊಳ್ಳುವುದಾದರೆ, ಅಗಲವಾದ ಚಪ್ಪಟೆ ತಳದ, ಇಬ್ಬರು ಹೊರಬಹುದಾದ, ಕೈಯಿಂದಲೇ ನಡೆಸತಕ್ಕ ಫೈಬರ್ ದೋಣಿಯು ಸಾಕು. ಕಯಾಕು ಸೊಗಸಾದುದೇ, ಆದರೆ ಅದರ ಅಗಲ ಕಿರಿದಾದುದರಿಂದ ಮೈ ಹೊಯ್ದಾಡಿದರೆ ಕ್ಷಮಿಸುವುದಿಲ್ಲ. ಯಂತ್ರದ ಯೋಚನೆಯನ್ನು ಸದ್ಯಕ್ಕೆ ಬಿಟ್ಟುಬಿಡಬೇಕು. ಕೆರೆಯು ಊರಿನದು, ಅದರ ಮೀನು ಗುತ್ತಿಗೆದಾರನದು. ಪಂಚಾಯಿತಿಯನ್ನು ಕೇಳದೆ, ಬಲೆ ಬಿಟ್ಟಿರುವ ಜಾಗವನ್ನು ವಿಚಾರಿಸದೆ ದೋಣಿಯಿಳಿಸುವವನು ಎಷ್ಟು ನಿಪುಣನಾದರೂ ಸಭ್ಯನಲ್ಲ. ಆಷಾಢದ ಗಾಳಿಯೆದ್ದ ದಿನ ಮನೆಯಲ್ಲಿ ಕುಳಿತಿರುವುದೂ ದೋಣಿವಿದ್ಯೆಯ ಒಂದು ಅಂಗವೇ.

ಈಜು ಬಂದರೂ ಬಾರದಿದ್ದರೂ, ದೋಣಿಯ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ಲೈಫ್ ಜಾಕೆಟ್ಟಿನ ಬೆಲೆಯನ್ನು ವಿಚಾರಿಸಿರಿ. ಕೂರುವವರು ಎಷ್ಟು ಮಂದಿಯೋ ಅಷ್ಟನ್ನು ಕೊಳ್ಳಿರಿ, ದಡದಲ್ಲಿಯೇ ತೊಟ್ಟುಕೊಳ್ಳಿರಿ.