ಹೇಳದೆ ಏರಿಸಿದ ಬಾಡಿಗೆ: ಪ್ರಶ್ನಿಸುವುದು ತಪ್ಪೇ?



ನಮ್ಮ ಹೊಸೂರಿನಲ್ಲಿ ಬಾಡಿಗೆ ಮನೆಯ ಮಾತು ಬಾರದ ದಿನವಿಲ್ಲ. ಡೆಂಕಣಿಕೋಟೆ, ತಳಿ, ತಾಳವಾಡಿ ಕಡೆಯಿಂದ ಸಿಪ್ಕಾಟ್ ಫ್ಯಾಕ್ಟರಿಗಳ ಕೆಲಸಕ್ಕೆ ಬಂದವರು ಒಂದು ಪೋರ್ಷನ್ ಹಿಡಿದು ಇಲ್ಲೇ ಸಂಸಾರ ಹೂಡಿದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಮನೆ ಮಾಲೀಕರೂ ಬಾಡಿಗೆದಾರರೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಆದ್ದರಿಂದ ಯುವಜನರ ಕೂಟದಲ್ಲಿ ಮತ್ತೆ ಮತ್ತೆ ಏಳುವ ಒಂದು ಪ್ರಶ್ನೆಯನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ. ಮಾಲೀಕರು ಮುಂಚಿತವಾಗಿ ಹೇಳದೆ ಬಾಡಿಗೆ ಏರಿಸಿದರೆ, "ಇದು ಸರಿಯಲ್ಲ" ಎನ್ನುವುದು ಕ್ರೈಸ್ತನಿಗೆ ಒಪ್ಪುವ ಮಾತೇ? ಅಥವಾ ಸಹಿಸಿಕೊಂಡು ಸುಮ್ಮನಿರುವುದೇ ಪುಣ್ಯವೇ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರಿಗೆ ತಿಂಗಳಿಗೆ 18,000 ರೂಪಾಯಿ ಸಂಬಳ, 7,000 ಬಾಡಿಗೆ. ಉಳಿದ 11,000ದಲ್ಲಿ ಅಕ್ಕಿ ಬೇಳೆ, ಗ್ಯಾಸು, ಮಕ್ಕಳ ಫೀಸು, ಊರಿನಲ್ಲಿರುವ ತಾಯಿಯ ಔಷಧಿ, ಚೀಟಿ ಹಣ ಎಲ್ಲವೂ ಆಗಬೇಕು. 28ನೇ ತಾರೀಖು ಸಂಜೆ ಮಾಲೀಕರು ಬಾಗಿಲಿಗೆ ಬಂದು, "ಒಂದನೇ ತಾರೀಖಿನಿಂದ 8,500 ಕೊಡಿ, ಆಗದಿದ್ದರೆ ಬೇರೆ ಮನೆ ನೋಡಿಕೊಳ್ಳಿ" ಎನ್ನುತ್ತಾರೆ. ಅಗ್ರಿಮೆಂಟ್ ಮುಗಿಯಲು ಇನ್ನೂ ಐದು ತಿಂಗಳಿದೆ. ಕೇಳುವವರಿಗೆ 1,500 ಸಣ್ಣ ಮೊತ್ತ. ಆದರೆ ಅದು ಹೋಗಬೇಕಾದದ್ದು ಆಗಲೇ ಒಂದೊಂದಕ್ಕೂ ಹಂಚಿಹೋಗಿರುವ ಆ 11,000ದಿಂದ. ಮೂರೇ ದಿನದಲ್ಲಿ ಯಾವುದನ್ನು ಬಿಡಬೇಕು? ಫೀಸನ್ನೋ, ಔಷಧಿಯನ್ನೋ?

ಮೊದಲು ಮಾಲೀಕರ ಪಕ್ಷವನ್ನು ನ್ಯಾಯವಾಗಿ ನೋಡೋಣ. ಬಾಡಿಗೆ ಪಡೆಯುವುದು ಪಾಪವಲ್ಲ. ಸಂತ ಥಾಮಸ್ ಅಕ್ವಿನಾಸರು ಬಡ್ಡಿಯನ್ನು ಖಂಡಿಸುವ ಜಾಗದಲ್ಲೇ ಮನೆ ಬಾಡಿಗೆಯನ್ನು ಅದರಿಂದ ಬೇರೆ ಮಾಡಿ ತೋರಿಸುತ್ತಾರೆ. ಮನೆಯ ಒಡೆತನ ಬೇರೆ, ಅದರಲ್ಲಿ ವಾಸಿಸುವ ಉಪಯೋಗ ಬೇರೆ. ಒಡೆತನವನ್ನು ತಾನಿಟ್ಟುಕೊಂಡು ಉಪಯೋಗಕ್ಕೆ ಬೆಲೆ ಪಡೆಯಬಹುದು ಎಂಬುದು ಅವರ ವಾದ. ನಮ್ಮ ನಡುವಿನ ಮಾಲೀಕರೆಲ್ಲ ಶ್ರೀಮಂತರೂ ಅಲ್ಲ. ಒಂದೇ ಪೋರ್ಷನ್ ಬಾಡಿಗೆಯಿಂದ ಜೀವನ ಸಾಗಿಸುವ ವಿಧವೆಯರಿದ್ದಾರೆ, ಬ್ಯಾಂಕ್ ಸಾಲದ ಕಂತು ಕಟ್ಟುತ್ತಿರುವ ನಿವೃತ್ತರಿದ್ದಾರೆ. ಖರ್ಚು ಏರಿದಾಗ ಬಾಡಿಗೆಯೂ ಏರುವುದು ಸಹಜ.

ಆದರೆ ಅಕ್ವಿನಾಸರ ಅದೇ ಮಾತಿಗೆ ಇನ್ನೊಂದು ಮುಖವಿದೆ ಎಂದು ನನಗೆ ತೋರುತ್ತದೆ. ಹನ್ನೊಂದು ತಿಂಗಳ ಉಪಯೋಗವನ್ನು ಒಂದು ಬೆಲೆಗೆ ಕೊಟ್ಟ ಮೇಲೆ ಆ ಅವಧಿಯಲ್ಲಿ ಅದು ಬಾಡಿಗೆದಾರನದು. ನಡುವೆ ಒಬ್ಬರೇ ಬೆಲೆ ಬದಲಿಸಿದರೆ, ಮಾರಿದ ವಸ್ತುವಿಗೆ ಮತ್ತೊಮ್ಮೆ ಹಣ ಕೇಳಿದಂತೆ. ಇಲ್ಲಿ ಪ್ರಶ್ನೆ 1,500 ಹೆಚ್ಚೋ ಕಡಿಮೆಯೋ ಎಂಬುದಲ್ಲ. ಕೊಟ್ಟ ಮಾತಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು.

ಮುನ್ಸೂಚನೆ ಎಂದರೆ ಬರೀ ಕಾಗದದ ಶಾಸ್ತ್ರ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಇನ್ನೊಬ್ಬರಿಗೆ ಕೊಡುವ ಸಮಯ. ಖರ್ಚು ಹೊಂದಿಸಿಕೊಳ್ಳಲು, ಬೇರೆ ಮನೆ ಹುಡುಕಲು, ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗೆ ಕಾಯಲು, "ಸ್ವಲ್ಪ ಕಡಿಮೆ ಮಾಡಿ" ಎಂದು ಕೇಳಲು ಬೇಕಾದ ಸಮಯ. ಆ ಸಮಯ ಇಲ್ಲದಾಗ "ಆಗಲಿ" ಎಂದದ್ದು ಒಪ್ಪಿಗೆಯಾಗುವುದಿಲ್ಲ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಅವರು 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಕೂಲಿಯ ಬಗ್ಗೆ ಇದನ್ನೇ ಹೇಳಿದರು. ಬೇರೆ ದಾರಿಯಿಲ್ಲದೆ, ಇನ್ನೂ ಕೆಟ್ಟದ್ದು ಬಂದೀತೆಂಬ ಭಯದಿಂದ ಕೆಲಸಗಾರ ಕಡಿಮೆ ಕೂಲಿಗೆ ಒಪ್ಪಿದರೆ, ಅದು ಬಲಾತ್ಕಾರಕ್ಕೆ ಸಿಕ್ಕಂತೆ, ಅನ್ಯಾಯವೇ ಸರಿ ಎಂದರು. ಮನೆ ಖಾಲಿ ಮಾಡುವ ಭಯದಲ್ಲಿ ಮೂರು ದಿನದೊಳಗೆ ತಲೆಯಾಡಿಸಿದ ಬಾಡಿಗೆದಾರನ ಒಪ್ಪಿಗೆಗೂ ಈ ಮಾತು ಅನ್ವಯಿಸುವುದಿಲ್ಲವೇ?

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಆರನೇ ಅಧ್ಯಾಯದಲ್ಲಿ ಸಂತ ಪೌಲರು, ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದನ್ನು ಖಂಡಿಸಿ, ಅದಕ್ಕಿಂತ ಅನ್ಯಾಯವನ್ನು ಸಹಿಸಬಾರದೇ ಎಂದು ಕೇಳುತ್ತಾರೆ. ಅಂಗಿ ಕೇಳಿದವನಿಗೆ ಮೇಲಂಗಿಯನ್ನೂ ಕೊಡು ಎಂದು ಯೇಸುಸ್ವಾಮಿ ಬೆಟ್ಟದ ಉಪದೇಶದಲ್ಲಿ ಕಲಿಸಿದರು. ಹಾಗಾದರೆ ಸುಮ್ಮನಿರುವುದೇ ಸರಿಯಲ್ಲವೇ?

ಈ ಮಾತುಗಳನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಪೌಲರು ಮುಂದಿನ ಸಾಲಿನಲ್ಲೇ ಸಹೋದರರಿಗೇ ಅನ್ಯಾಯ ಮಾಡುವವರನ್ನು ಗದರಿಸುತ್ತಾರೆ. ಸಹೋದರರ ನಡುವೆ ತೀರ್ಮಾನ ಹೇಳಬಲ್ಲ ವಿವೇಕಿ ಒಬ್ಬನೂ ನಿಮ್ಮಲ್ಲಿಲ್ಲವೇ ಎಂದೂ ಕೇಳುತ್ತಾರೆ. ಅಂದರೆ ಅವರು ಬಯಸಿದ್ದು ಅನ್ಯಾಯವನ್ನು ಮುಚ್ಚಿಡುವುದನ್ನಲ್ಲ, ಮನೆಯೊಳಗೇ ಸರಿಪಡಿಸುವುದನ್ನು. ತಮ್ಮ ವಿಷಯದಲ್ಲೂ ಅವರು ಕಾನೂನಿನ ಹಕ್ಕನ್ನು ಬಿಟ್ಟುಕೊಡಲಿಲ್ಲ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ, ಮರುದಿನ ಗುಟ್ಟಾಗಿ ಕಳುಹಿಸಿಬಿಡಲು ನೋಡಿದ ಅಧಿಕಾರಿಗಳೇ ಬಂದು ಬಿಡಿಸಲಿ ಎಂದು ಕುಳಿತರು. ಮುಂದೆ ಚಕ್ರವರ್ತಿಗೇ ಮೇಲ್ಮನವಿ ಸಲ್ಲಿಸಿದರು.

ಮೇಲಂಗಿಯ ವಿಷಯಕ್ಕೆ ಬಂದರೆ, ಅದನ್ನು ಕೊಡಬೇಕಾದವನು ಅದರ ಒಡೆಯ. ನನ್ನದನ್ನು ನಾನು ತ್ಯಾಗ ಮಾಡಬಹುದು. ಮಗುವಿನ ಫೀಸನ್ನೂ ತಾಯಿಯ ಔಷಧಿಯನ್ನೂ ನನ್ನ ತ್ಯಾಗದ ಲೆಕ್ಕಕ್ಕೆ ಸೇರಿಸಲು ನಾನು ಯಾರು? ಜೊತೆಗೆ, ಸಹನೆಯನ್ನು ನಾವು ನಮಗೆ ಬೋಧಿಸಿಕೊಳ್ಳಬೇಕೇ ಹೊರತು, ನಮ್ಮಿಂದ ನಷ್ಟವಾದವರಿಗೆ ಬೋಧಿಸಬಾರದು. "ನಿನಗೆ ಇಷ್ಟು ಉಪಕಾರ ಮಾಡಿದ್ದೇನೆ, ಈಗ ಲೆಕ್ಕ ಕೇಳುತ್ತೀಯಾ?" ಎಂಬ ಮಾತಿನಲ್ಲಿ ಮಾಡಿದ ಉಪಕಾರವೇ ಸಾಲವಾಗಿಬಿಡುತ್ತದೆ. ಕೃತಜ್ಞತೆ ಬೇಕು, ನಿಜ. ಆದರೆ ಕೃತಜ್ಞನಾಗಿರುವುದೆಂದರೆ ಬಾಯಿ ಕಟ್ಟಿಕೊಂಡಿರುವುದಲ್ಲ.

ಕಾನೂನು ಏನನ್ನುತ್ತದೆ? ತಮಿಳುನಾಡಿನ 2017ರ ಮಾಲೀಕ-ಬಾಡಿಗೆದಾರರ ಹಕ್ಕು ಮತ್ತು ಹೊಣೆಗಳ ಕಾಯ್ದೆ 2019ರ ಫೆಬ್ರವರಿ 22ರಂದು ಜಾರಿಗೆ ಬಂತು. ಅದರಂತೆ ಕರಾರು ಬರವಣಿಗೆಯಲ್ಲಿರಬೇಕು. ಬಾಡಿಗೆ ಎಷ್ಟು, ಯಾವಾಗ ಎಷ್ಟು ಏರುತ್ತದೆ ಎಂಬುದೂ ಕರಾರಿನಂತೆಯೇ ನಡೆಯಬೇಕು. ಮಾಲೀಕರು ಬಾಡಿಗೆ ತೆಗೆದುಕೊಳ್ಳಲು ಒಪ್ಪದಿದ್ದರೆ ಅದನ್ನು ಬಾಡಿಗೆ ಪ್ರಾಧಿಕಾರದಲ್ಲಿ ಕಟ್ಟಲು ದಾರಿಯಿದೆ. ಜಗಳದ ನೆಪದಲ್ಲಿ ನೀರು, ಕರೆಂಟು ನಿಲ್ಲಿಸುವಂತಿಲ್ಲ. ಅಂದರೆ ಕಾಯ್ದೆ ಕಾಪಾಡುವುದು ಇಬ್ಬರ ಮಾತನ್ನು. ಆದರೆ ಆ ಮಾತು ಬರೆದಿರುವುದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರು ತೋರಿಸಿದ ಕಡೆ ಸಹಿ ಹಾಕಿ ಬರುತ್ತಾರೆ. ಎರಡು ಭಾಷೆ ಓದಬಲ್ಲ ಯುವಕ ಯುವತಿಯರು, ಸಹಿಗೆ ಮೊದಲು ಆ ಸ್ಟ್ಯಾಂಪ್ ಪೇಪರನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದರೆ ಅದೂ ದೊಡ್ಡ ಸೇವೆ.

ಪ್ರಶ್ನಿಸುವುದು ಹೇಗೆ? ಮತ್ತಾಯರ ಶುಭಸಂದೇಶದ ಹದಿನೆಂಟನೇ ಅಧ್ಯಾಯ ಕ್ರಮವನ್ನೇ ಹೇಳಿಕೊಟ್ಟಿದೆ. ಮೊದಲು ಒಬ್ಬರೇ ಹೋಗಿ ಮಾತಾಡಬೇಕು, ಬೀದಿಯಲ್ಲಿ ದೂರಿಕೊಂಡು ತಿರುಗಬಾರದು. "ಅಣ್ಣಾ, ಏರಿಸುವುದು ಬೇಡ ಎನ್ನುತ್ತಿಲ್ಲ. ಅಗ್ರಿಮೆಂಟ್ ಮುಗಿದ ತಿಂಗಳಿಂದ ಕೊಡುತ್ತೇನೆ. ಅಲ್ಲಿಯವರೆಗೆ ಮಾತಾಡಿದ ಬಾಡಿಗೆಯನ್ನು ಒಂದನೇ ತಾರೀಖಿಗೇ ತಲುಪಿಸುತ್ತೇನೆ" ಎಂದರೆ ಸಾಕು. ಹೇಳಿದಂತೆ ಬಾಡಿಗೆ ಕಟ್ಟಿ ರಸೀದಿ ಪಡೆಯಬೇಕು. ಅದಕ್ಕೂ ಬಗ್ಗದಿದ್ದರೆ ಇಬ್ಬರೂ ಗೌರವಿಸುವ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬಹುದು. ಅನ್ಬಿಯಂ ಹಿರಿಯರಿದ್ದಾರೆ, ಗುರುಗಳಿದ್ದಾರೆ. ಎಲ್ಲವೂ ಆದ ಮೇಲೂ ನ್ಯಾಯ ಸಿಗದಿದ್ದರೆ ಪ್ರಾಧಿಕಾರದ ಬಾಗಿಲು ತಟ್ಟುವುದು ಪಾಪವಲ್ಲ.

ಇದೇ ಅಳತೆ ಬಾಡಿಗೆದಾರರಿಗೂ ಇದೆ. ಹೇಳದೆ ಕೇಳದೆ ರಾತ್ರೋರಾತ್ರಿ ಸಾಮಾನು ಸಾಗಿಸಿ, ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟುಹೋಗುವವರು ಮುನ್ಸೂಚನೆಯ ಮಾತಾಡಿದರೆ ಯಾರು ನಂಬುತ್ತಾರೆ? ಆ ಬಾಡಿಗೆಯನ್ನೇ ನೆಚ್ಚಿಕೊಂಡ ವಿಧವೆಗೂ ಹೊಸಬರನ್ನು ಹುಡುಕಲು ಸಮಯ ಬೇಕಲ್ಲವೇ?

ನಮಗೆ ಇತರರು ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ನಾವು ಅವರಿಗೆ ಮಾಡಬೇಕು ಎಂಬುದು ಪ್ರಭುವಿನ ಆಜ್ಞೆ. ಮುಂದಿನ ಬಾರಿ ಬಾಡಿಗೆ ಏರಿಸಬೇಕಾಗಿ ಬಂದ ಮಾಲೀಕರು ಎರಡು ಮೂರು ತಿಂಗಳು ಮೊದಲೇ ಒಂದು ಚೀಟಿಯಲ್ಲಿ ಬರೆದು ಕೊಡಲಿ. ಅದನ್ನು ಓದಲಾರದವರಿಗೆ ಅವರ ಭಾಷೆಯಲ್ಲೇ ಬಾಯಿಮಾತಿನಲ್ಲೂ ಹೇಳಲಿ. ಅದಕ್ಕೆ ಖರ್ಚೇನೂ ಇಲ್ಲ. ಭಾನುವಾರ ಶಾಂತಿಯನ್ನು ಹಂಚಿಕೊಳ್ಳುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಕೈಮುಗಿಯಬಹುದು.